ಟ್ಯಾಂಕಿನೊಳಗೆ ಇಳಿದ ಪಂಪು

ಕೊಳ್ಳೇಗಾಲದಿಂದ ಹೊರಟು ಟಿ. ನರಸೀಪುರದ ಸೇತುವೆ ದಾಟಿ, ಮೈಸೂರು ಹಾದು, ಕಡಕೊಳ, ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರದ ಕಾಡು ಕಳೆದು, ವಯನಾಡಿನ ಘಾಟಿ ಇಳಿದು ಕೋಳಿಕ್ಕೋಡು ಸೇರುವ ಹೆದ್ದಾರಿಯ ಈಗಿನ ಸಂಖ್ಯೆ 766. ಹಳೆಯ ಡ್ರೈವರುಗಳ ಬಾಯಲ್ಲಿ ಅದು ಇನ್ನೂ 212. ಭತ್ತ, ಬಾಳೆ, ರೇಷ್ಮೆಗೂಡು, ತರಕಾರಿ, ನಂಜುಂಡೇಶ್ವರನ ದರ್ಶನಕ್ಕೆ ಹೊರಟವರು, ನರಸೀಪುರದ ಸಂಗಮದಲ್ಲಿ ಮುಳುಗೆದ್ದು ಬಂದವರು, ಎಲ್ಲರನ್ನೂ ಈ ರಸ್ತೆಯ ಗಾಡಿಗಳು ಹೊತ್ತಿವೆ. ಆ ಗಾಡಿಗಳ ಎಂಬತ್ತು ವರ್ಷದ ಚರಿತ್ರೆಯನ್ನು ಒಂದೇ ಪ್ರಶ್ನೆ ಹಿಡಿದು ಓದಬಹುದು: ಟ್ಯಾಂಕಿನಲ್ಲಿರುವ ಎಣ್ಣೆ ಎಂಜಿನ್ನಿಗೆ ಹೋಗುವುದು ಹೇಗೆ? ಆ ದಾರಿ ಕಟ್ಟಿಕೊಂಡಾಗ ಬಿಚ್ಚಿದವರು ಯಾರು?

ಒಂದು ಕಾಲಕ್ಕೆ ಎಣ್ಣೆಯೇ ಇರಲಿಲ್ಲ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ದೇಶದ ಎಷ್ಟೋ ಬಸ್ಸುಗಳು ಇದ್ದಿಲಿನ ಅನಿಲಕ್ಕೆ ಹೊರಳಿದವು. ಬಸ್ಸಿನ ಹಿಂಭಾಗಕ್ಕೆ ಎತ್ತರದ ಉಕ್ಕಿನ ಕೊಳವಿ ಕಟ್ಟಿ, ಅದರಲ್ಲಿ ಇದ್ದಿಲು ತುಂಬಿ ಬೆಂಕಿ ಹಾಕಿ, ಕೈಯಿಂದ ತಿರುಗಿಸುವ ಗಾಳಿಯಂತ್ರದಿಂದ ಊದಿ, ಸಾಕಷ್ಟು ಅನಿಲ ಹುಟ್ಟಿದ ಮೇಲಷ್ಟೇ ಎಂಜಿನ್ ಚಾಲೂ ಆಗುತ್ತಿತ್ತು. ಪೆಟ್ರೋಲಿಗಾಗಿ ಮಾಡಿದ ಎಂಜಿನ್ ಈ ಅನಿಲದಲ್ಲಿ ಮೂರನೇ ಒಂದು ಭಾಗದಷ್ಟು ಶಕ್ತಿಯನ್ನಾದರೂ ಕಳೆದುಕೊಳ್ಳುತ್ತದೆ. ಏರು ಬಂತೆಂದರೆ ಪ್ರಯಾಣಿಕರು ಇಳಿದು ತಳ್ಳಬೇಕಿತ್ತು. ಯುದ್ಧ ಮುಗಿದು, ಪೆಟ್ರೋಲ್ ಮರಳಿ ಬಂದು, 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾಗುವ ಹೊತ್ತಿಗೆ ಇದ್ದಿಲಿನ ಕೊಳವಿಗಳು ಗುಜರಿಗೆ ಬಿದ್ದಿದ್ದವು.

ಆಮೇಲಿನ ಮೂರು ನಾಲ್ಕು ದಶಕ ಅಂಬಾಸಿಡರ್ ಕಾರಿನದು. 1950ರ ದಶಕದ ಕೊನೆಯಲ್ಲಿ ಬಂದು 2014ರವರೆಗೆ ತಯಾರಾದ ಈ ಕಾರಿನ ಪೆಟ್ರೋಲ್ ಟ್ಯಾಂಕು ಹಿಂದೆ, ಎಂಜಿನ್ ಮುಂದೆ, ಅದೂ ಟ್ಯಾಂಕಿಗಿಂತ ಎತ್ತರದಲ್ಲಿ. ಹಾಗಾಗಿ ಪೆಟ್ರೋಲನ್ನು ಯಾರಾದರೂ ಎಳೆದು ತರಬೇಕು. ಆ ಕೆಲಸಕ್ಕೆ ಎಂಜಿನ್ನಿನ ಪಕ್ಕಕ್ಕೇ ಬೋಲ್ಟ್ ಹಾಕಿ ಕೂರಿಸಿದ, ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ, ‘ಎಸಿ’ ಎಂದು ಕರೆಯುವ ಯಾಂತ್ರಿಕ ಪಂಪು ಇತ್ತು. ಕ್ಯಾಮ್‌ಶಾಫ್ಟ್ ತಿರುಗಿದಂತೆಲ್ಲ ಪಂಪಿನ ತೋಳು ಮೇಲೆ ಕೆಳಗೆ ಆಡುತ್ತಿತ್ತು. ತೋಳು ಆಡಿದಂತೆ ಒಳಗಿನ ರಬ್ಬರ್ ಲೇಪದ ಬಟ್ಟೆಯ ಡಯಾಫ್ರಮ್ ಎಳೆದು ಬಿಡುತ್ತಿತ್ತು. ಎರಡು ಚಿಕ್ಕ ವಾಲ್ವು, ಒಂದು ಸ್ಪ್ರಿಂಗು, ಕಸ ಸೋಸುವ ಒಂದು ಜಾಲರಿ. ಅಷ್ಟೇ ಯಂತ್ರ. ಪಕ್ಕದಲ್ಲಿ ಕೈಯಿಂದ ಒತ್ತುವ ಪುಟ್ಟ ಲಿವರ್. ಪೆಟ್ರೋಲ್ ಪೂರ್ತಿ ಮುಗಿದು ಮತ್ತೆ ತುಂಬಿಸಿದಾಗ ಬಾನೆಟ್ ಎತ್ತಿ ಆ ಲಿವರನ್ನು ಹತ್ತಿಪ್ಪತ್ತು ಸಲ ಒತ್ತಿದರೆ ಕಾರ್ಬುರೇಟರ್ ತುಂಬುತ್ತಿತ್ತು.

ಈ ಪಂಪಿನ ವೈರಿ ಬಿಸಿಲು. ಬೇಸಿಗೆಯ ಮಧ್ಯಾಹ್ನ ಕಾರು ತುಂಬ ಜನ ಹೇರಿಕೊಂಡು, ವಯನಾಡಿನ ಒಂಬತ್ತು ತಿರುವಿನ ತಾಮರಶ್ಶೇರಿ ಘಾಟಿ ಹತ್ತುವ ಅಂಬಾಸಿಡರಿನ ಪಂಪು ಎಂಜಿನ್ನಿನ ಕಾವಿಗೆ ಕಾದು ಬಿಡುತ್ತಿತ್ತು. ಹೀರುವ ಬದಿಯಲ್ಲಿ ಒತ್ತಡ ಕಡಿಮೆ ಇರುವುದರಿಂದ ಪೆಟ್ರೋಲು ಅಲ್ಲಿ ಇನ್ನೂ ಬೇಗ ಕುದಿಯುತ್ತದೆ. ಡಯಾಫ್ರಮ್ ಆಡುತ್ತಲೇ ಇರುತ್ತದೆ, ಆದರೆ ಅದು ಎಳೆಯುವುದು ಆವಿಯನ್ನು ಮಾತ್ರ. ಕಾರು ಕೆಮ್ಮಿ ನಿಲ್ಲುತ್ತದೆ. ಅನುಭವಿ ಡ್ರೈವರಿನ ಸೀಟಿನ ಕೆಳಗೆ ಇದಕ್ಕೆಂದೇ ಒಂದು ಹಳೆಯ ಬಟ್ಟೆ, ಒಂದು ಕ್ಯಾನು ನೀರು ಇರುತ್ತಿತ್ತು. ಬಟ್ಟೆ ನೆನೆಸಿ ಪಂಪಿನ ಮೇಲೆ ಸುತ್ತಿ, ಬೀಡಿ ಬೇಕಾದವರು ದೂರ ಹೋಗಿ ಸೇದಿ ಬರುವಷ್ಟರಲ್ಲಿ ಪಂಪು ತಣಿದಿರುತ್ತಿತ್ತು. ಕೆಲವರು ಒದ್ದೆ ಬಟ್ಟೆಯನ್ನು ಕಟ್ಟಿಕೊಂಡೇ ಘಾಟಿ ಹತ್ತುತ್ತಿದ್ದರು. ಡಯಾಫ್ರಮ್ ಹರಿದೇ ಹೋದರೆ? ಕಿಟ್ ಇದ್ದರೆ ರಸ್ತೆ ಬದಿಯಲ್ಲೇ ಪಂಪು ಬಿಚ್ಚಿ ಹೊಸದು ಹಾಕುವುದು. ಕಿಟ್ ಇಲ್ಲದಿದ್ದರೆ ಪೆಟ್ರೋಲ್ ಡಬ್ಬವನ್ನು ಕಾರಿನ ಮಾಡಿನ ಮೇಲೆ ಕಟ್ಟಿ, ಅದರಿಂದ ಒಂದು ಪೈಪನ್ನು ನೇರ ಕಾರ್ಬುರೇಟರಿಗೆ ಇಳಿಬಿಟ್ಟು ಊರು ಸೇರುವುದು. ಬೆಂಕಿಯ ಅಪಾಯ ತಲೆಯ ಮೇಲೇ ಕೂತಿರುತ್ತಿತ್ತು. ಆದರೂ ಆ ಉಪಾಯ ಹೊಳೆಯಬೇಕಾದರೆ ಕಾರಿನ ಒಡಲು ಪೂರ್ತಿ ಅರ್ಥವಾಗಿರಬೇಕು ಎಂಬುದನ್ನು ಒಪ್ಪಲೇಬೇಕು.

ಲಾರಿ, ಟ್ರ್ಯಾಕ್ಟರುಗಳ ಲೋಕದಲ್ಲಿ ಹೆಸರು ಮೈಕೋ ಪಂಪಿನದು. ಬಾಷ್ ಸಹಯೋಗದಲ್ಲಿ 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಬೆಂಗಳೂರಿನ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ಗನ್ನೂ ಡೀಸೆಲ್ ಇಂಜೆಕ್ಷನ್ ಪಂಪನ್ನೂ ತಯಾರಿಸಿತು. 2008ರಲ್ಲಿ ಕಂಪನಿಯೇ ಬಾಷ್ ಲಿಮಿಟೆಡ್ ಆದರೂ ಗ್ಯಾರೇಜಿನಲ್ಲಿ ಇವತ್ತಿಗೂ ‘ಮೈಕೋ’ ಎಂದೇ ಕೇಳುತ್ತಾರೆ. ಆ ಪಂಪಿನ ಒಳಗೆ ಕೈ ಹಾಕುವುದು ತರಬೇತಾದ ಮಿಸ್ತ್ರಿಗಳ ಕೆಲಸ. ರೈತನಿಗೆ, ಕ್ಲೀನರ್ ಹುಡುಗನಿಗೆ ಗೊತ್ತಿರಬೇಕಾದದ್ದು ಏರ್ ತೆಗೆಯುವುದು. ಡೀಸೆಲ್ ಮುಗಿದು ಪೈಪಿಗೆ ಗಾಳಿ ಸೇರಿದರೆ, ಫಿಲ್ಟರಿನ ತಲೆಯ ಮೇಲಿನ ಸ್ಕ್ರೂ ಸಡಿಲಿಸಿ, ಲಿಫ್ಟ್ ಪಂಪಿನ ಗುಬುಟನ್ನು ಕೈಯಿಂದ ಒತ್ತುತ್ತಾ, ಗುಳ್ಳೆ ನಿಂತು ಎಣ್ಣೆ ಬರುವವರೆಗೆ ಕಾಯಬೇಕು. ಬಂಡೀಪುರದ ಹಾದಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿರ್ಬಂಧ ಬಂದಿದೆ. ಕೇರಳಕ್ಕೆ ತರಕಾರಿ ಹೊತ್ತ ಲಾರಿ ಸಂಜೆ ಏರ್ ತೆಗೆದುಕೊಂಡು ನಿಂತರೆ ಗೇಟು ತಪ್ಪಿತೆಂದೇ ಲೆಕ್ಕ.

ಆದರೆ ಎಣ್ಣೆಯ ದಾರಿ ಮನೆಯ ಅಂಗಳಕ್ಕೆ ಬಂದದ್ದು ಎರಡು ಚಕ್ರದ ಗಾಡಿಯಿಂದ. 1960ರಲ್ಲಿ ರುಸ್ತುಂ ಇರಾನಿ ಅವರು ಮೈಸೂರಿನಲ್ಲಿ ಐಡಿಯಲ್ ಜಾವಾ ಸ್ಥಾಪಿಸಿದರು. ಜೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯ ಪರವಾನಗಿಯಲ್ಲಿ ಯಾದವಗಿರಿಯ ಕಾರ್ಖಾನೆಯಿಂದ 1961ರಲ್ಲಿ ಬೈಕುಗಳು ಹೊರಬರತೊಡಗಿದವು. 1970ರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಬಾಗಿಲು ಮುಚ್ಚಿತು. ಇನ್ನೊಂದು ಕಡೆ 1980ರಲ್ಲಿ ಹೊಸೂರಿನಿಂದ ಟಿವಿಎಸ್ 50 ಬಂತು. ಇಬ್ಬರು ಕೂರಬಹುದಾದ ದೇಶದ ಮೊದಲ ಮೊಪೆಡ್ ಅದು. ನರಸೀಪುರ ತಾಲ್ಲೂಕಿನ ಗದ್ದೆಯ ಬದುಗಳ ಮೇಲೆ, ಮುಂದೆ ಒಂದು ಮೂಟೆ ಹಿಂದೆ ಹುಲ್ಲಿನ ಹೊರೆ ಹೊತ್ತು ಅದು ಮತ್ತು ಅದರ ಮರಿಗಳು ಓಡಾಡಿದಷ್ಟು ಬೇರೆ ಯಾವ ಗಾಡಿಯೂ ಓಡಾಡಿರಲಾರದು.

ಜಾವಾಕ್ಕಾಗಲಿ ಟಿವಿಎಸ್‌ಗಾಗಲಿ ಪಂಪೇ ಇರಲಿಲ್ಲ. ಟ್ಯಾಂಕು ಮೇಲೆ, ಕಾರ್ಬುರೇಟರ್ ಕೆಳಗೆ, ನಡುವೆ ಒಂದು ಪೆಟ್ರೋಲ್ ಕಾಕ್. ಉಳಿದದ್ದನ್ನು ಭೂಮಿಯ ಸೆಳೆತ ನೋಡಿಕೊಳ್ಳುತ್ತಿತ್ತು. ಕಾಕಿನೊಳಗೆ ಎರಡು ದ್ವಾರ: ಎತ್ತರದ ಕೊಳವೆಯ ಬಾಯಿಂದ ಮಾಮೂಲಿ ಪೆಟ್ರೋಲು, ತಳದ ಬಾಯಿಂದ ರಿಸರ್ವ್. ಗಾಡಿ ಮುಗ್ಗರಿಸಿದೊಡನೆ ಸವಾರನ ಕೈ ತಾನಾಗಿಯೇ ಕಾಕಿನತ್ತ ಹೋಗುತ್ತಿತ್ತು. ಕಸ ಕಟ್ಟಿಕೊಂಡರೆ ಪೈಪು ಕಿತ್ತು ಬಾಯಿಂದ ಊದುವುದು, ಟ್ಯಾಂಕಿನ ಮುಚ್ಚಳದ ಗಾಳಿ ರಂಧ್ರ ಮುಚ್ಚಿದ್ದರೆ ಸೂಜಿಯಿಂದ ಬಿಡಿಸುವುದು, ಸ್ಕೂಟರಾದರೆ ಪಕ್ಕಕ್ಕೆ ವಾಲಿಸಿ ಕೊನೆಯ ತೊಟ್ಟನ್ನೂ ಕಾರ್ಬುರೇಟರಿಗೆ ಇಳಿಸುವುದು. ಈ ವಿದ್ಯೆಗಳನ್ನು ಯಾರೂ ಶಾಲೆಗೆ ಹೋಗಿ ಕಲಿತವರಲ್ಲ. ಒಂದು ಹತ್ತರ ಪಾನ, ಒಂದು ಸ್ಕ್ರೂ ಡ್ರೈವರ್, ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು ಇದ್ದರೆ ಕಾರ್ಬುರೇಟರ್ ಬಿಚ್ಚಿ ಜೆಟ್ ತೊಳೆದು ಮತ್ತೆ ಕೂರಿಸುವವರು ಬೀದಿಗೊಬ್ಬರಿದ್ದರು.

ಹೊಳೆ ದಂಡೆಯ ಪಂಪ್‌ಸೆಟ್ಟುಗಳೂ ಅದೇ ಪಾಠವನ್ನು ಹೇಳಿಕೊಟ್ಟಿದ್ದವು. ಪೆಟ್ರೋಲಿನಲ್ಲಿ ಶುರುಮಾಡಿ, ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಎಂಜಿನ್‌ಗಳವು. ಅವಕ್ಕೆ ಪೆಟ್ರೋಲಿಗೊಂದು ಸಣ್ಣ ಟ್ಯಾಂಕು, ಸೀಮೆಎಣ್ಣೆಗೊಂದು ದೊಡ್ಡ ಟ್ಯಾಂಕು. ಕಾಕ್ ತಿರುಗಿಸುವುದು ತಡವಾದರೆ ದುಬಾರಿ ಪೆಟ್ರೋಲು ಖರ್ಚು, ಬೇಗವಾದರೆ ಎಂಜಿನ್ ಬಂದ್. ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್ ಮೂರರ ಸ್ವಭಾವವೂ ಈ ತಾಲ್ಲೂಕುಗಳ ರೈತರಿಗೆ ಕೈಬೆರಳಿನಲ್ಲೇ ಗೊತ್ತಿತ್ತು.

ಇದೆಲ್ಲ ಬದಲಾದದ್ದು ಹೊಗೆಯ ಕಾನೂನಿನಿಂದ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ಕ್ಕೂ ಮೊದಲು ಕಾರ್ಬುರೇಟರೇ, ಎಂಜಿನ್ ಪಕ್ಕದ ಯಾಂತ್ರಿಕ ಪಂಪೇ. 2000ದ ಆಸುಪಾಸಿನಲ್ಲಿ ಅದೇ ಕಾರು ಎಂಪಿಎಫ್‌ಐ, ಅಂದರೆ ಕಾರ್ಬುರೇಟರಿನ ಬದಲು ಇಂಜೆಕ್ಟರುಗಳಿಂದ ಪೆಟ್ರೋಲು ಚಿಮ್ಮಿಸುವ ಗಾಡಿ, ಆಯಿತು. ಪಂಪು ವಿದ್ಯುತ್ತಿನದಾಗಿ ಟ್ಯಾಂಕಿನೊಳಗೆ ಇಳಿಯಿತು. ಬೈಕುಗಳಲ್ಲಿ 2006ರ ಹೀರೊ ಹೋಂಡಾ ಗ್ಲಾಮರ್ ಎಫ್‌ಐ ಮೊದಲನೆಯದು, ಮರುವರ್ಷ ಪಲ್ಸರ್ 220. ಅವು ಪೇಟೆಯ ಕುತೂಹಲಗಳಾಗಿ ಉಳಿದವು. 2020ರ ಏಪ್ರಿಲ್ 1ರಂದು ದೇಶ ಹೊಗೆಯ ಮಿತಿಯಲ್ಲಿ ಬಿಎಸ್4ರಿಂದ ನೇರ ಬಿಎಸ್6ಕ್ಕೆ ಜಿಗಿದಾಗ ಆಯ್ಕೆ ಉಳಿಯಲಿಲ್ಲ. ಸ್ಪ್ಲೆಂಡರ್, ಆಕ್ಟಿವಾ, ಜುಪಿಟರ್, ಕೊನೆಗೆ ಮೂಟೆ ಹೊರುವ ಟಿವಿಎಸ್ ಎಕ್ಸ್‌ಎಲ್ 100 ಕೂಡ ಇಂಜೆಕ್ಷನ್ ಗಾಡಿಯಾಯಿತು. ಮೈಸೂರು–ನಂಜನಗೂಡು ರಸ್ತೆಯಲ್ಲಿ ಕಡಕೊಳದ ಬಳಿ ಟಿವಿಎಸ್ ಕಾರ್ಖಾನೆ ಇದೆ; ಅದರ ಗೇಟಿನ ಮುಂದೆ ದಿನವೂ ಹಾದುಹೋಗುವ ಹಳ್ಳಿಗರ ಗಾಡಿಗೂ ಹೊಸ ಪಂಪು ಬಂತು. ಮೈಸೂರಿನಲ್ಲಿ ಬೇರುಬಿಟ್ಟ ಜಾವಾ ಹೆಸರು 2018ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದಾಗ ಆ ಬೈಕಿಗೂ ಕಾಕ್ ಇರಲಿಲ್ಲ, ಇಂಜೆಕ್ಷನ್ ಇತ್ತು. ಅದು ತಯಾರಾಗುವುದೂ ಮಧ್ಯಪ್ರದೇಶದ ಪೀತಂಪುರದಲ್ಲಿ.

ಇಂಜೆಕ್ಷನ್ನಿಗೆ ಹೊಸ ಪಂಪೇ ಏಕೆ ಬೇಕಾಯಿತು ಎಂಬುದರ ಲೆಕ್ಕ ಹೀಗಿದೆ. ಕಾರ್ಬುರೇಟರಿಗಿಂತ 30 ಸೆಂಟಿಮೀಟರ್ ಎತ್ತರದ ಟ್ಯಾಂಕಿನಿಂದ ತಾನಾಗಿ ಇಳಿಯುವ ಪೆಟ್ರೋಲಿನ ಒತ್ತಡ ಸುಮಾರು 0.02 ಬಾರ್. ಅಂಬಾಸಿಡರಿನ ಪಂಪು ಕೊಡುತ್ತಿದ್ದದ್ದು ಅದರ ಹತ್ತು ಪಟ್ಟಿನ ಆಸುಪಾಸು. ಇಂಜೆಕ್ಟರಿನ ಕೂದಲೆಳೆಯ ರಂಧ್ರಗಳಿಂದ ಪೆಟ್ರೋಲು ಮಂಜಾಗಿ ಚಿಮ್ಮಬೇಕಾದರೆ ಸಾಮಾನ್ಯವಾಗಿ 3 ಬಾರ್ ಹತ್ತಿರ ಬೇಕು. ಸೆಳೆತದ ಕೈಲಿ ಆಗುವ ಕೆಲಸವಲ್ಲ ಅದು. ಹೀರುವುದಕ್ಕಿಂತ ತಳ್ಳುವುದು ಸುಲಭ, ತಳ್ಳುವವನು ಪೆಟ್ರೋಲಿನಲ್ಲೇ ಮುಳುಗಿದ್ದರೆ ಆವಿಯ ಕಾಟವೂ ಕಡಿಮೆ. ಹಾಗಾಗಿ ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಮೋಟರಿನಂತೆ ಪಂಪು ಟ್ಯಾಂಕಿನೊಳಗೇ ಮುಳುಗಿ ಕೂತಿತು. ಬೋರಿನ ಮೋಟರನ್ನು ನೀರು ತಣಿಸುತ್ತದೆ, ಇದನ್ನು ಪೆಟ್ರೋಲು. ಪೆಟ್ರೋಲಿನೊಳಗೆ ವಿದ್ಯುತ್ ಮೋಟರ್ ತಿರುಗಿದರೆ ಹೊತ್ತಿಕೊಳ್ಳುವುದಿಲ್ಲವೇ ಎಂಬ ಭಯ ಸಹಜ. ಮುಳುಗಿದ ಜಾಗದಲ್ಲಿ ಉರಿಯಲು ಬೇಕಾದ ಆಮ್ಲಜನಕ ಇಲ್ಲ, ಹಾಗಾಗಿ ಹೊತ್ತುವುದಿಲ್ಲ.

ಕೀ ತಿರುಗಿಸಿದಾಗ ಸೀಟಿನ ಕೆಳಗಿಂದಲೋ ಟ್ಯಾಂಕಿನಿಂದಲೋ ಎರಡು ಮೂರು ಸೆಕೆಂಡು ಕೇಳುವ ಸಣ್ಣ ಝೇಂಕಾರ ಈ ಪಂಪಿನದು. ಮೊದಲು ಎಣ್ಣೆಯ ದಾರಿಯನ್ನು ಕಣ್ಣಿಂದ ನೋಡಬಹುದಿತ್ತು. ಈಗ ಕಿವಿಯಿಂದ ಕೇಳಬೇಕು.

ಈ ಸೀಮೆಯ ಹಳೆಯ ರೂಢಿಗಳಿಗೂ ಹೊಸ ಪಂಪಿಗೂ ಅಷ್ಟಾಗಿ ಹೊಂದುವುದಿಲ್ಲ. ಐವತ್ತು ರೂಪಾಯಿ ಪೆಟ್ರೋಲು ಹಾಕಿಸಿ ಎರಡು ದಿನ ಓಡಿಸುವುದು, ಪೆಟ್ಟಿಗೆ ಅಂಗಡಿಯಲ್ಲಿ ಬಾಟಲಿಗೆ ತುಂಬಿಟ್ಟ ಪೆಟ್ರೋಲು ಕೊಳ್ಳುವುದು ಹಳ್ಳಿಯ ಬದುಕಿನ ಭಾಗ. ಟ್ಯಾಂಕಿನ ತಳದಲ್ಲಿ ಎರಡು ಬೆರಳು ಪೆಟ್ರೋಲಷ್ಟೇ ಇದ್ದರೆ ಪಂಪಿನ ಮೋಟರ್ ತಣಿಯುವುದಿಲ್ಲ, ಆಗಾಗ ಗಾಳಿ ಎಳೆಯುತ್ತದೆ, ಆಯಸ್ಸು ಕಡಿಮೆಯಾಗುತ್ತದೆ. ಬಾಟಲಿಯ ತಳದ ಕಸ ಜಾಲರಿಗೆ ಮೆತ್ತುತ್ತದೆ. ಕಾಕಿನ ಕಾಲದಲ್ಲಿ ಬ್ಯಾಟರಿ ಇಲ್ಲದೆಯೂ ಪೆಡಲ್ ತುಳಿದು ಹೊರಡುತ್ತಿದ್ದ ಮೊಪೆಡ್ಡಿನ ಜಾಗದಲ್ಲಿ, ಪಂಪು ತಿರುಗಿಸಲು ಕರೆಂಟು ಸಾಲದೆ ನಿಂತ ಗಾಡಿ ಬಂದಿದೆ.

ನೀರಂತೂ ದೊಡ್ಡ ವೈರಿ. 2018 ಮತ್ತು 2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗಿನ ಬಡಾವಣೆಗಳಿಗೆ ನುಗ್ಗಿದಳು, ಮಲ್ಲನಮೂಲೆಯ ಬಳಿ ಹೆದ್ದಾರಿಯೇ ಮುಳುಗಿತು. ಟ್ಯಾಂಕಿಗೆ ನುಗ್ಗಿದ ನೀರು ಪೆಟ್ರೋಲಿಗಿಂತ ಭಾರ, ತಳಕ್ಕೆ ಇಳಿಯುತ್ತದೆ. ಕಾರ್ಬುರೇಟರ್ ಗಾಡಿಯಲ್ಲಿ ತಳದ ಬಟ್ಟಲಿನ ಸ್ಕ್ರೂ ತೆಗೆದರೆ ನೀರು ಹೊರಗೆ. ಇಂಜೆಕ್ಷನ್ ಗಾಡಿಯಲ್ಲಿ ಪಂಪಿನ ಬಾಯಿ ಇರುವುದೇ ತಳದಲ್ಲಿ, ಮೊದಲು ಎಳೆಯುವುದೇ ನೀರು. ಇದಕ್ಕೆ ಈಗ ಎಥೆನಾಲ್ ಸೇರಿದೆ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಪ್ರಧಾನಿ ಶೇ. 20 ಎಥೆನಾಲ್ ಬೆರೆತ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು. ಎರಡೇ ವರ್ಷದಲ್ಲಿ ಅದು ಎಲ್ಲೆಡೆಯ ಮಾಮೂಲಿ ಪೆಟ್ರೋಲಾಯಿತು. ಕಬ್ಬು ಬೆಳೆಯುವ ಸೀಮೆಗೆ ಎಥೆನಾಲ್ ಹೊಸ ಸರಕಲ್ಲ. ನಂಜನಗೂಡು ತಾಲ್ಲೂಕಿನ ಅಳಗಂಚಿಯಲ್ಲಿ ಸಕ್ಕರೆ ಕಾರ್ಖಾನೆಯ ಜೊತೆಗೇ ಡಿಸ್ಟಿಲರಿಯೂ ಇದೆ. ಎಥೆನಾಲ್ ನೀರನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ, ಮಿತಿ ಮೀರಿದರೆ ನೀರಿನೊಡನೆ ತಳಕ್ಕೆ ಬೇರೆಯಾಗಿ ನಿಲ್ಲುತ್ತದೆ. ಹಳೆಯ ಗಾಡಿಗಳ ಕೆಲವು ರಬ್ಬರ್ ಭಾಗಗಳನ್ನು 20,000ದಿಂದ 30,000 ಕಿಲೋಮೀಟರ್ ಓಡಿದ ಮೇಲೆ ಬದಲಿಸಬೇಕಾಗಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟಿನಲ್ಲಿ ಹೇಳಿತು.

‘ಗಾಡಿ ಪಿಕಪ್ ತಗೋತಿಲ್ಲ ಕಣಣ್ಣ, ಏರಲ್ಲಿ ಎಳೀತಿಲ್ಲ’ ಎಂದು ಗ್ಯಾರೇಜಿಗೆ ಬಂದವರಿಗೆ ಮೊದಮೊದಲು ಸಿಗುತ್ತಿದ್ದ ಉತ್ತರ ಶೋರೂಮಿಗೆ ಒಯ್ಯಿರಿ ಎಂಬುದು. ಶೋರೂಮಿನಲ್ಲಿ ಪಂಪಿನ ಸೆಟ್ಟನ್ನು ಇಡಿಯಾಗಿ ಬದಲಿಸುವುದೇ ಪದ್ಧತಿ, ಬೆಲೆ ಸಾವಿರಗಳಲ್ಲಿ. ನಿಧಾನಕ್ಕೆ ಬೀದಿಯ ಮೆಕ್ಯಾನಿಕ್‌ಗಳು ಸೆಟ್ಟನ್ನೇ ಬಿಚ್ಚಿ ನೋಡಿದರು. ಒಳಗಿರುವುದು ಹೆಬ್ಬೆರಳಿಗಿಂತ ತುಸು ದಪ್ಪದ ಮೋಟರ್, ಅದರ ಬುಡಕ್ಕೆ ಬಟ್ಟೆಯಂಥ ಜಾಲರಿ, ಒತ್ತಡ ಕಾಯುವ ರೆಗ್ಯುಲೇಟರ್, ಪೆಟ್ರೋಲಿನ ಮಟ್ಟ ಹೇಳುವ ತೇಲು. ಹೆಚ್ಚು ಸಲ ಸತ್ತಿರುವುದು ಮೋಟರೊಂದೇ. ಎಷ್ಟೋ ಸಲ ಅದೂ ಸತ್ತಿರುವುದಿಲ್ಲ, ಜಾಲರಿ ಕಟ್ಟಿಕೊಂಡಿರುತ್ತದೆ. ಮೋಟರು, ಜಾಲರಿ ಬಿಡಿಯಾಗಿ ಕೆಲವು ನೂರು ರೂಪಾಯಿಗೆ ಅಂಗಡಿಗೆ ಬಂದವು. ಅಲ್ಲಿಂದಾಚೆ ಈ ಕೆಲಸ ಮತ್ತೆ ಮನೆಯ ಅಂಗಳಕ್ಕೆ ಮರಳಿತು.

ಮನೆಯಲ್ಲಿ ಮಾಡುವವರು ಮೊದಲು ಖಾತ್ರಿ ಮಾಡಿಕೊಳ್ಳಬೇಕಾದದ್ದು ತಪ್ಪು ಪಂಪಿನದೇ ಎಂಬುದನ್ನು. ಫ್ಯೂಸು, ರಿಲೇ, ಬ್ಯಾಟರಿ, ಗಾಡಿ ಬಿದ್ದಾಗ ಎಂಜಿನ್ ನಿಲ್ಲಿಸುವ ಸೆನ್ಸರು ಇವುಗಳಲ್ಲಿ ಯಾವುದು ಕೈಕೊಟ್ಟರೂ ಪಂಪು ಸುಮ್ಮನಿರುತ್ತದೆ. ಕೀ ಹಾಕಿದಾಗ ಪಂಪಿನ ಕನೆಕ್ಟರಿಗೆ 12 ವೋಲ್ಟ್ ಬಂದೂ ಮೋಟರ್ ಅಲ್ಲಾಡದಿದ್ದರೆ ಮಾತ್ರ ಅದು ಸತ್ತಂತೆ. ಆಮೇಲೆ ಪಂಪಿನ ಫ್ಯೂಸ್ ಕಿತ್ತು ಎಂಜಿನ್ ಚಾಲೂ ಮಾಡಿ, ತಾನಾಗಿ ನಿಲ್ಲುವವರೆಗೆ ಬಿಟ್ಟರೆ ಪೈಪಿನ ಒತ್ತಡ ಇಳಿಯುತ್ತದೆ. ಎಂಜಿನ್ ಚಾಲೂ ಆಗದ ಗಾಡಿಯಲ್ಲಿ ಪೈಪಿನ ಕೊಂಡಿಗೆ ಬಟ್ಟೆ ಸುತ್ತಿ ಮೆಲ್ಲಗೆ ಸಡಿಲಿಸಬೇಕು. ಬ್ಯಾಟರಿಯ ನೆಗೆಟಿವ್ ವಯರು ಬಿಚ್ಚುವುದು ಮರೆಯಬಾರದು. ಕೆಲಸ ಬಯಲಿನಲ್ಲೇ ಆಗಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ. ಬಚ್ಚಲಿನ ಹಂಡೆ ಒಲೆ ಹತ್ತು ಮಾರು ದೂರದಲ್ಲಿ ಉರಿಯುತ್ತಿದ್ದರೂ ನಂಬುವಂತಿಲ್ಲ. ಪಕ್ಕದಲ್ಲಿ ಒಂದು ಬುಟ್ಟಿ ಒಣ ಮರಳಿರಲಿ. ಹೊತ್ತಿದ ಪೆಟ್ರೋಲಿಗೆ ನೀರು ಸುರಿದರೆ ಬೆಂಕಿ ನೀರಿನ ಮೇಲೆ ತೇಲಿ ಹರಡುತ್ತದೆ.

ಪಂಪಿನ ಮುಖದ ಸುತ್ತಲಿನ ಧೂಳನ್ನು ಬ್ರಷ್ಷಿನಿಂದ ಪೂರ್ತಿ ತೆಗೆದ ಮೇಲೇ ಬೋಲ್ಟ್ ಬಿಚ್ಚುವುದು. ಒಳಗೆ ಬಿದ್ದ ಒಂದು ಚಿಟಿಕೆ ಮಣ್ಣು ಹೊಸ ಜಾಲರಿಯನ್ನು ಮೊದಲ ದಿನವೇ ಕಟ್ಟುತ್ತದೆ. ಕಾರುಗಳಲ್ಲಿ ಕೆಲವಕ್ಕೆ ಹಿಂದಿನ ಸೀಟು ಎತ್ತಿದರೆ ಸಾಕು, ಕೆಲವಕ್ಕೆ ಟ್ಯಾಂಕೇ ಇಳಿಸಬೇಕು. ಪಂಪು ಹೊರಬಂದ ಕೂಡಲೇ ಕಣ್ಣಿಗೆ ಬೀಳುವುದು ರಬ್ಬರಿನ ರಿಂಗು. ವರ್ಷಗಟ್ಟಲೆ ಪೆಟ್ರೋಲಿನ ಜೊತೆ ಬಾಳಿ ಉಬ್ಬಿದ ಅದು, ಇದ್ದ ಜಾಗದಲ್ಲೇ ಮತ್ತೆ ಕೂರುವುದಿಲ್ಲ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಎದ್ದು ಬರುತ್ತದೆ. ಬಲವಂತವಾಗಿ ಕೂರಿಸಿ ಬೋಲ್ಟ್ ಬಿಗಿದರೆ ಸುಕ್ಕಾದ ಜಾಗದಿಂದ ಪೆಟ್ರೋಲು ಒಸರುತ್ತದೆ, ಅದೂ ಬಿಸಿ ಎಂಜಿನ್ನಿನ ನೆತ್ತಿಯ ಮೇಲೆ. ಹೊಸ ರಿಂಗು ಕೈಯಲ್ಲಿಲ್ಲದೆ ಟ್ಯಾಂಕು ತೆರೆಯಲೇಬಾರದು.

ಹೆಚ್ಚು ಬಲದ ಪಂಪು ಹಾಕಿದರೆ ಗಾಡಿ ಹೆಚ್ಚು ಓಡುತ್ತದೆ ಎಂಬ ನಂಬಿಕೆ ಹುಡುಗರಲ್ಲಿದೆ. ಪೆಟ್ರೋಲು ಎಷ್ಟು ಹೋಗಬೇಕೆಂದು ನಿರ್ಧರಿಸುವುದು ಎಂಜಿನ್ನಿನ ಕಂಪ್ಯೂಟರಾದ ಇಸಿಯು ಮತ್ತು ಇಂಜೆಕ್ಟರ್. ಹೆಚ್ಚಾದದ್ದನ್ನು ರೆಗ್ಯುಲೇಟರ್ ಟ್ಯಾಂಕಿಗೇ ಮರಳಿಸುತ್ತದೆ. ಕಾವು, ಕರೆಂಟಿನ ಖರ್ಚು ಮಾತ್ರ ಏರುತ್ತದೆ. ಹಳೆಯ ಗಾಡಿಗೆ ನಿಜವಾಗಿ ಬೇಕಾದ ಸುಧಾರಣೆ ಬೇರೆ: ಇ20 ತಾಳುವ ರಿಂಗು, ಒಳ್ಳೆಯ ಜಾಲರಿ, ಸರಿಯಾದ ಪೈಪು. ಕಾರ್ಬುರೇಟರಿನ ಮಾಮೂಲಿ ಪೈಪು 3 ಬಾರ್ ಒತ್ತಡ ತಾಳಲು ಮಾಡಿದ್ದಲ್ಲ. ಹೊರಗಿನ ಪೈಪಿಗೆ ಎಸ್‌ಎಇ ಜೆ30 ಆರ್9, ಟ್ಯಾಂಕಿನೊಳಗೆ ಮುಳುಗಿರುವ ತುಂಡಿಗೆ ಆರ್10 ಎಂಬ ಮುದ್ರೆ ಇರಬೇಕು.

2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿತು, ಅದೇ ಡಿಸೆಂಬರಿನಲ್ಲಿ ಅದಕ್ಕೊಂದು ಪೋರ್ಟಲ್ ತೆರೆಯಿತು. ಕೃಷಿ ಯಂತ್ರ ಮತ್ತು ವಾಹನ ಎರಡೂ ಅದರ ವ್ಯಾಪ್ತಿಯಲ್ಲಿವೆ. ನಂಜನಗೂಡು, ನರಸೀಪುರದಂಥ ಊರುಗಳಿಗೆ ಇದರಿಂದ ಆಗಬೇಕಾದದ್ದು ದೊಡ್ಡದೇನಲ್ಲ. ಮೋಟರು, ಜಾಲರಿ, ರಿಂಗು ಮೂರನ್ನೂ ಕಂಪನಿಗಳು ಬಿಡಿಬಿಡಿಯಾಗಿ ಮಾರಬೇಕು. ಪಂಪು ಎಷ್ಟು ಒತ್ತಡ ಕೊಡಬೇಕು, ಎಷ್ಟು ಕರೆಂಟು ಎಳೆಯಬೇಕು ಎಂಬ ಎರಡು ಅಂಕಿಗಳನ್ನು ಗಾಡಿಯ ಜೊತೆ ಕೊಡುವ ಪುಸ್ತಕದಲ್ಲಿ ಕನ್ನಡದಲ್ಲಿ ಅಚ್ಚು ಹಾಕಬೇಕು. ಒತ್ತಡ ಅಳೆಯುವ ಗೇಜು ಬೀದಿ ಗ್ಯಾರೇಜಿನವನು ಕೊಳ್ಳಬಹುದಾದ ಸಾಮಾನು. ಅದರ ಮುಳ್ಳು ಎಲ್ಲಿ ನಿಲ್ಲಬೇಕೆಂದು ಅವನಿಗೆ ಯಾರಾದರೂ ಹೇಳಬೇಕಷ್ಟೆ.